ವೀಳ್ಯದೆಲೆ ಬಳ್ಳಿಗೆ ಹೊದಿಸಿದ ಕೌದಿಗಳು

ಜನವರಿ ಒಂಬತ್ತು, ಬೆಳಗಿನ ಐದೂವರೆ. ನನ್ನ ಮೈಮೇಲಿನ ಕೌದಿಯನ್ನು ಅಜ್ಜಿ ಎಳೆದುಕೊಂಡು ಹೊರಟಾಗ ಎಚ್ಚರವಾಯಿತು. ಬೆನ್ನು ಹತ್ತಿ ಹೋದೆ. ಮೆಟ್ರಿ ಊರಿನ ನಮ್ಮ ಮನೆಯ ಹಿಂದಿನ ತೋಟದಲ್ಲಿ, ಹೋದ ಮಳೆಗಾಲ ನೆಟ್ಟ ವೀಳ್ಯದೆಲೆ ಬಳ್ಳಿಗಳ ಮೇಲೆ ಮನೆಯ ಕೌದಿ, ಕಂಬಳಿಗಳೆಲ್ಲ ಹರಡಿದ್ದವು. ನಮ್ಮ ಬಿಸಿಲ ಸೀಮೆಯಲ್ಲಿ ಇಂಥ ಚಳಿ ಯಾರೂ ಕಂಡಿರಲಿಲ್ಲ. ಹಿಂದಿನ ದಿನವೇ ಒಂದು ಸಾಲಿನ ಎಲೆಗಳು ಸುಟ್ಟಂತೆ ಕಪ್ಪಾಗಿದ್ದವು. ಉಳಿದವೂ ಹೋದರೆ ಮತ್ತೆ ಮೊದಲಿನಿಂದ ನೆಡಬೇಕು.

"ನಮಗ ಚಳಿ ಆಗಂಗಿಲ್ಲೇನಜ್ಜಿ?" ಎಂದೆ.

"ನಿನಗ ಕಾಲದಾವ, ಓಡ್ಯಾಡಿ ಬೆಚ್ಚಗಾಗು. ಬಳ್ಳಿ ಎಲ್ಲಿಗೆ ಓಡಬೇಕು? ಚಪ್ಪಲಿ ಅಲ್ಲೇ ಬಿಟ್ಟು ಬಾರಲೇ, ಈ ತುದಿ ಹಿಡಿ" ಎಂದಳು.

ಎಲೆಬಳ್ಳಿಯೆಂದರೆ ಲಕ್ಷ್ಮಿ; ಅವಳ ತೋಟದೊಳಗೆ ಚಪ್ಪಲಿ ಮೆಟ್ಟುವಂತಿಲ್ಲ. ಕಾಲುವೆ ನೀರು ಹಾಯಿಸಿದ ಕೆಸರು ಬರಿಗಾಲನ್ನು ಕೊರೆಯುತ್ತಿತ್ತು. ಗೊಣಗುತ್ತಲೇ ನನ್ನ ಕೌದಿಯನ್ನು ಉಳಿದ ಸಾಲಿಗೆ ಹೊದಿಸಿದೆ.

ಎಂಟು ಗಂಟೆಗೆ ಬಿಸಿಲೇರಿದ ಮೇಲೆ ಹೊದಿಕೆ ಎತ್ತಿದೆವು. ಇಬ್ಬನಿ ಕುಡಿದ ಕೌದಿಗಳು ಕಲ್ಲಿನಂತೆ ಭಾರವಾಗಿದ್ದವು. ಎಲೆಯೇನೋ ಹಸಿರಾಗಿಯೇ ಇತ್ತು. ಆದರೆ ಹನ್ನೊಂದು ಬಳ್ಳಿಗಳ ಎಳೆ ಕುಡಿಗಳು ಆ ಭಾರಕ್ಕೆ ಮುರಿದಿದ್ದವು. ಚಳಿ ಉಳಿಸಿದ್ದನ್ನು ನಾವೇ ಮುರಿದಿದ್ದೆವು. ಅಜ್ಜಿ ಮುರಿದ ಕುಡಿಗಳನ್ನು ಸೆರಗಿಗೆ ತುಂಬಿಕೊಂಡಳು.

ಚಳಿ ಇನ್ನೂ ಬಿಟ್ಟಿಲ್ಲ, ಕೌದಿಗಳು ಒಣಗಿಲ್ಲ. ಅಜ್ಜಿಯ ಕಣ್ಣು ಈಗ ಅಪ್ಪನ ಹೊಸ ಧೋತರಗಳ ಮೇಲೆ ಬಿದ್ದಿದೆ. ಎಳೆಬಳ್ಳಿಗೆ ಭಾರವಾಗದಂತೆ ಚಳಿ ತಡೆಯುವ ಉಪಾಯ ಬಲ್ಲವರು ಯಾರಾದರೂ ಇದ್ದರೆ, ದಯವಿಟ್ಟು ಬೇಗ ಬರೆದು ತಿಳಿಸಿ.