ಮೊದಲ ಅವರು ಕೇಳಲಿ

ಗ್ರಾಮೀಣ ಸಮಾಜಶಾಸ್ತ್ರ ಕಲಿಸುತ್ತಿದ್ದ ಆ ಪ್ರಾಧ್ಯಾಪಕರು ಯರಗಟ್ಟಿಯ ನನ್ನ ಕಾಳಿನ ಅಂಗಡಿಗೆ ಬಂದರೆ ಕನ್ನಡಕ ಒರೆಸುತ್ತಲೇ ಮಾತಾಡುವರು. “ನಮ್ಮ ವಿಷಯ ಪರದೇಶದ ಹಳ್ಳಿ ಓದಕೋತ ಶುರುವಾತು. ನಮ್ಮ ಹಳ್ಳಿಗೆ ಬರಾಕ ಬಾಳ ವರ್ಷ ಹಿಡೀತು.”

ಒಮ್ಮೆ ಸಿರಸಂಗಿ ಹತ್ತಿರ, ನಾನೇ ತೋರಿಸಿದ ಹಳ್ಳಿಯಲ್ಲಿ, ಹೊಲ ಕಸಿಯಲು ಬಂದವರೆಂದು ತಪ್ಪು ತಿಳಿದು ಜನ ಸಮೀಕ್ಷೆಗೆ ಬಂದ ಅವರ ವಿದ್ಯಾರ್ಥಿಗಳಿಗೆ ಬಾಗಿಲು ಹಾಕಿದರು. ಸಮೀಕ್ಷೆಯಾಗದಿದ್ದರೆ ಹುಡುಗರ ಪದವಿ ನಿಲ್ಲುತ್ತಿತ್ತು.

“ನಾ ಮಾತಾಡಿ ಕುದುರಸ್ತೇನಿ, ಸರ್,” ಎಂದೆ.

“ಬ್ಯಾಡ್ರಿ ಸಾವ್ಕಾರ್ರ, ಮೊದಲ ಅವರು ಕೇಳಲಿ, ಆಮ್ಯಾಲ ನಾವು ಕೇಳೂಣು,” ಎಂದು ಎಂದಿನಂತೆ ಹೇಳಿ ಕಟ್ಟೆಯ ಮೇಲೆ ಕೂತರು.

ಅಜ್ಜಿಯೊಬ್ಬಳು ಬಂದು ಅವರನ್ನು ಕೇಳಿದಳು. “ಯಾವೂರೋ ತಮ್ಮಾ? ಮನ್ಯಾಗ ರೊಟ್ಟಿ ಯಾರು ಬಡೀತಾರ?”

“ನಾನ ಬಡೀತೇನಬೇ. ದುಂಡಗ ಬರಂಗಿಲ್ಲ.”

“ಹೇಂತಿ ಸುಮ್ಮನ ತಿಂತಾಳೇನು?”

“ನಕ್ಕೋತ ತಿಂತಾಳ.”

ಅಜ್ಜಿಯೂ ನಕ್ಕಳು. “ಹುಡುಗರು ಬಿಸಲಾಗ ಯಾಕ ನಿಂತಾವ? ಒಳಗ ಕರಿ.”

ಒಂದೊಂದೇ ಬಾಗಿಲು ತೆರೆಯಿತು. ಹೋದ ಜೀವ ಬಂದಂತಾಗಿ, “ಪ್ರಶ್ನೆ ಕಾಗದ ಚೀಲದಾಗ ಇರಲಿ, ಮೊದಲ ಚಾ ಕುಡೀರಿ,” ಎಂದು ಹುಡುಗರಿಗೆ ಹೇಳಿದೆ.