ಇಶ್ಬೆಲ್ ಮುಟ್ಟದ ಗೆರೆ ನೆರಿಗೆ

ಟೇನ್ ಊರಿನ ದರ್ಜಿ ಅಂಗಡಿಯಲ್ಲಿ ಇಶ್ಬೆಲ್ ಮೆಕೆಂಝಿ ಮತ್ತು ನಾನು ಒಂದೇ ಮೇಜಿನ ಎರಡು ಬದಿಗೆ ಕೂತು ಬಹಳ ವರ್ಷ ಕಿಲ್ಟ್ ಹೊಲಿದೆವು. ಅವಳ ಕೈ ನನ್ನದಕ್ಕಿಂತ ಚುರುಕು, ನಾಲಿಗೆಯೂ ಅಷ್ಟೇ. ದಪ್ಪ ಗಿರಾಕಿ ಯಾರಾದರೂ ಹೊಟ್ಟೆಯನ್ನು ಒಳಗೆಳೆದುಕೊಂಡು ಅಳತೆ ಕೊಡಲು ನಿಂತರೆ, "ಉಸಿರು ಬಿಡಪ್ಪಾ, ಮದುವೆ ದಿನ ಪೂರ್ತಿ ಹಿಂಗೇ ನಿಂತಿರ್ತೀಯಾ?" ಎನ್ನುವಳು. ಯಾರಿಗೂ ಅಂಜದ ಅಂಥವಳು ಅಂಜುತ್ತಿದ್ದದ್ದು ಒಂದೇ ಕೆಲಸಕ್ಕೆ. ಅದು ಗೆರೆ ನೆರಿಗೆ.

ಕಿಲ್ಟ್ ಎಂದರೆ ನಮ್ಮ ಗಂಡಸರು ಸೊಂಟಕ್ಕೆ ಸುತ್ತಿ ಉಡುವ, ಮೊಣಕಾಲುದ್ದದ ಉಣ್ಣೆಯ ಉಡುಪು; ಮುಂಭಾಗ ಸಪಾಟು, ನೆರಿಗೆಯೆಲ್ಲ ಹಿಂದೆ. ಮಡಿಸಿದ ಮೇಲೂ ಬಟ್ಟೆಯ ಚೌಕಳಿ ಕೆಡದೆ, ಮುಂದೆ ಇದ್ದಂತೆಯೇ ಹಿಂದೆಯೂ ಕಾಣುವಂತೆ ಹಾಕಿದರೆ ಅದು ಚೌಕಳಿ ನೆರಿಗೆ. ಪ್ರತಿ ಮಡಿಕೆಯ ನಡುವೆಯೂ ಒಂದೇ ಬಣ್ಣದ ಗೆರೆ ಬರುವಂತೆ ಹಾಕಿದರೆ ಗೆರೆ ನೆರಿಗೆ. ದಂಡಿನವರು ತೊಡುವುದು ಅದನ್ನೇ. ಅಂಥ ಕೆಲಸ ಬಂದಾಗ ಇಶ್ಬೆಲ್ ಮಾತಿಲ್ಲದೆ ಬಟ್ಟೆಯನ್ನು ನನ್ನ ಕಡೆ ತಳ್ಳುತ್ತಿದ್ದಳು. ನಾನೂ ಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದೆ.

ಕಾರಣ ಊರಿಗೆಲ್ಲ ಗೊತ್ತಿತ್ತು, ಆದರೆ ಅರ್ಧ ಮಾತ್ರ. ಹಿಟ್ಲರನ ಯುದ್ಧ ಶುರುವಾದಾಗ ಅವಳ ಗಂಡ ಫಾರ್ಕರ್ ಊರ ಹುಡುಗರ ಜೊತೆ ದಂಡಿಗೆ ಹೊರಟ. ಆಗ ನಮ್ಮ ಅಂಗಡಿಯಲ್ಲೇ ದಂಡಿನ ಕಿಲ್ಟ್ ಹೊಲಿಯುತ್ತಿದ್ದರು. ಫಾರ್ಕರನದನ್ನು ಬೇರೆ ಯಾರೂ ಮುಟ್ಟಬಾರದೆಂದು ಹಟ ಹಿಡಿದು ಇಶ್ಬೆಲ್ ತಾನೇ ಹೊಲಿದಳು. ಮರುವರ್ಷ ಫ್ರಾನ್ಸಿನಲ್ಲಿ ಅವನು ಕಾಣೆಯಾದ. ಹೆಣ ಸಿಗಲಿಲ್ಲ, ಗೋರಿಯಿಲ್ಲ. ಮಗ ಹೆಕ್ಟರ್ ಹುಟ್ಟಿದ್ದು ಅಪ್ಪ ಹೋದ ಮೇಲೆ.

ಆ ಹೆಕ್ಟರ್ ಬೆಳೆದು, ರೈಲ್ವೆಯಲ್ಲಿ ಕೆಲಸ ಹಿಡಿದು, ರೋನಾ ಎಂಬ ಹುಡುಗಿಯನ್ನು ಮೆಚ್ಚಿ, ಒಂದು ಮಧ್ಯಾಹ್ನ ಬಟ್ಟೆಯ ಗಂಟನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಡಿಗೆ ಬಂದ. ನಮ್ಮಲ್ಲಿ ಮನೆತನಕ್ಕೊಂದು ಚೌಕಳಿ; ಅದು ಮೆಕೆಂಝಿ ಮನೆತನದ್ದು, ಫಾರ್ಕರನ ದಂಡಿನವರು ತೊಡುತ್ತಿದ್ದದ್ದೂ ಅದೇ: ಹಸಿರು, ನೀಲಿ, ನಡುವೆ ತೆಳ್ಳಗೆ ಬಿಳಿ. ಮದುವೆಗೆ ಹೊಸ ಕಿಲ್ಟ್ ಬೇಕೆಂದ. ಇಶ್ಬೆಲ್ ಬಟ್ಟೆ ಬಿಡಿಸಿ, ಉಣ್ಣೆಯನ್ನು ಉಜ್ಜಿ ನೋಡಿ, ಒಳ್ಳೆ ಮಾಲು ಎಂದು ಮೆಚ್ಚಿದಳು.

"ನೆರಿಗೆ ಮಾತ್ರ ಅಪ್ಪಂದರ ಥರ ಹಾಕಮ್ಮಾ. ಬಿಳಿ ಗೆರೆಗೆ," ಎಂದ ಅವನು.

ಅವಳ ಕೈಯಲ್ಲಿದ್ದ ಸೀಮೆಸುಣ್ಣ ತುಂಡಾಯಿತು. ಚೂರುಗಳನ್ನು ಹೆಕ್ಕುತ್ತ, ಚೌಕಳಿ ನೆರಿಗೆಯೇ ಚೆಂದ ಕಾಣುವುದೆಂದಳು.

"ಚೆಂದ ಕಾಣೋಕೆ ರೋನಾ ಇದಾಳಲ್ಲ. ನಂಗೆ ಅಪ್ಪಂದೇ ಬೇಕು," ಎಂದು ನಕ್ಕು ಅವನು ಕೆಲಸಕ್ಕೆ ಹೋದ.

ಅಂದಿನಿಂದ ಇಶ್ಬೆಲ್ ಅರ್ಧ ಆಳಾದಳು. ಬೆಳಿಗ್ಗೆ ಬಂದು ಬಟ್ಟೆ ಹರಡಿ, ಬಿಳಿ ಗೆರೆಗೆ ಮಡಿಸಿ ಗುಂಡುಸೂಜಿ ಚುಚ್ಚುವಳು. ನಾಲ್ಕು ಮಡಿಕೆಯಾಗುವಷ್ಟರಲ್ಲಿ ಎಲ್ಲ ಕಿತ್ತು ಚೌಕಳಿಗೆ ಮಡಿಸುವಳು, ಅದನ್ನೂ ಕೀಳುವಳು. ಊಟದ ಡಬ್ಬಿ ತೆರೆಯದೆ ಮನೆಗೆ ಹೋಗುತ್ತಿತ್ತು. ಹೊರಗೆ ಸೈಕಲ್ ಗಂಟೆ ಬಾರಿಸಿದರೂ ಬೆಚ್ಚುವಳು. ಯುದ್ಧದ ಕಾಲದಲ್ಲಿ ತಂತಿಯವನು ಬರುತ್ತಿದ್ದದ್ದು ಸೈಕಲ್ಲಿನಲ್ಲಿ. ನೋಡಲಾರದೆ, ನಾನೇ ಹೊಲಿದುಕೊಡುತ್ತೇನೆ ಎಂದೆ.

"ಬೇಡ ಡೋಲಿನಾ. ನನ್ನ ಮಗಂದನ್ನ ಬೇರೆಯವ್ರು ಮುಟ್ಟಬಾರ್ದು," ಎಂದಳು. ಅಂದವಳೇ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಗೆ ಒರಗಿದಳು. ಫಾರ್ಕರನ ಕಿಲ್ಟ್ ಹೊಲಿಯುವಾಗಲೂ ಅವಳು ಅದೇ ಮಾತು ಆಡಿದ್ದಳು.

ಹೆಕ್ಟರನಿಗೆ ನಾನೇ ಹೇಳಿಕಳಿಸಿದೆ. ಕೆಲಸದ ಬಟ್ಟೆಯಲ್ಲೇ ಬಂದ, ಕೈಗೆಲ್ಲ ಗ್ರೀಸು. ಮೇಜಿನ ಮೇಲೆ ಅರ್ಧ ಮಡಿಸಿದ ಬಟ್ಟೆಯನ್ನೂ ಅಮ್ಮನ ಮುಖವನ್ನೂ ನೋಡಿ, ಏನಾಯಿತೆಂದು ನನ್ನನ್ನು ಕೇಳಿದ. ನಾನು ಅವಳತ್ತ ತಿರುಗಿದೆ. ಊರಿಗೆ ಗೊತ್ತಿಲ್ಲದ ಉಳಿದರ್ಧ ಆಗ ಹೊರಬಿತ್ತು.

ದಂಡು ಸ್ಟೇಷನ್ನಿಗೆ ನಡೆದ ದಿನ ಇಶ್ಬೆಲ್ ರಸ್ತೆ ಬದಿಯಲ್ಲಿ ನಿಂತಿದ್ದಳಂತೆ. ಫಾರ್ಕರ್ ಕೊನೆಯ ಸಾಲಿನಲ್ಲಿದ್ದ. ಹೆಜ್ಜೆಗೊಮ್ಮೆ ನೆರಿಗೆ ಬಿಚ್ಚಿ ಮುಚ್ಚಿ, ಅವಳೇ ಕೂರಿಸಿದ ಬಿಳಿ ಗೆರೆಗಳು ಎಡಕ್ಕೂ ಬಲಕ್ಕೂ ಓಲಾಡುತ್ತ ತಿರುವಿನಲ್ಲಿ ಮರೆಯಾದವು. ವರ್ಷ ಕಳೆದಂತೆ ಅವನ ಮುಖ ನೆನಪಿನಲ್ಲಿ ಮಸುಕಾಯಿತು, ಗೆರೆಗಳು ಮಾತ್ರ ಮಸುಕಾಗಲಿಲ್ಲ. ಕಣ್ಣು ಮುಚ್ಚಿದರೆ ಅವೇ. ತಾನು ಅಷ್ಟು ಆಸೆಯಿಂದ ಹೊಲಿದದ್ದೇ ಅವನನ್ನು ಎಳೆದುಕೊಂಡು ಹೋಯಿತೆಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

"ಹುಚ್ಚು ಅಂತ ನಂಗೂ ಗೊತ್ತು ಕಂದಾ. ಆದ್ರೆ ಪಾದ್ರಿ ಮುಂದೆ ನೀನು ನಿಂತ್ಕೋತೀಯ, ನಾನು ನಿನ್ನ ಹಿಂದೆ ಕೂತಿರ್ತೀನಿ. ಅದೇ ಗೆರೆ ಮತ್ತೆ ನೋಡ್ಬೇಕು. ನನ್ನ ಕೈಲಿ ಆಗಲ್ಲ."

ಹೆಕ್ಟರ್ ಕೈಯ ಗ್ರೀಸು ಒರೆಸಿಕೊಂಡ.

"ನಿನಗೆ ಭಯ ಆಗೋದಾದ್ರೆ ಚೌಕಳಿನೇ ಹಾಕು, ನಂಗೇನೂ ಬೇಜಾರಿಲ್ಲ," ಎಂದ. ಬಾಗಿಲ ಹತ್ತಿರ ಹೋಗಿ ನಿಂತ. "ನೀನು ಅಪ್ಪನ ಬೆನ್ನಾದ್ರೂ ನೋಡಿದೀಯ ಅಮ್ಮಾ. ನಾನು ಅದನ್ನೂ ನೋಡಿಲ್ಲ."

ಅವನು ಅದನ್ನು ಚುಚ್ಚಲೆಂದು ಹೇಳಲಿಲ್ಲ. ಆದರೂ ಆ ಮಧ್ಯಾಹ್ನವೆಲ್ಲ ಇಶ್ಬೆಲ್ ಕಿಟಕಿಯಾಚೆ ನೋಡುತ್ತ ಕೂತಳು. ಮಾರನೆಯ ದಿನ ಬಂದವಳೇ ಬಿಳಿ ಗೆರೆಗೆ ಮಡಿಸಲು ಶುರುಮಾಡಿದಳು. ಭಯ ಹೋಗಿತ್ತೆಂದಲ್ಲ. ಸೂಜಿ ಅವಳ ಬೆರಳಿಗೆ ಎಷ್ಟು ಸಲ ಚುಚ್ಚಿತೋ. ಒಂದೊಂದು ನೆರಿಗೆ ಕೂತಾಗಲೂ ತುಟಿ ಅಲುಗುತ್ತಿತ್ತು. ಪ್ರಾರ್ಥನೆಯೋ ಬೈಗುಳವೋ ನನಗೆ ಕೇಳಿಸಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಕತ್ತರಿಯ ಕೆಲಸ. ನೆರಿಗೆ ಹೊಲಿದ ಮೇಲೆ ಸೊಂಟದ ಹತ್ತಿರ ದಪ್ಪವಾಗದಂತೆ ಒಳಗಿನ ಬಟ್ಟೆಯನ್ನು ಕತ್ತರಿಸಿ ತೆಗೆಯಬೇಕು. ಅಲ್ಲಿಯವರೆಗೆ ಹೊಲಿಗೆ ಬಿಚ್ಚಿ ಬೇರೆ ಥರ ಮಡಿಸಬಹುದು. ಕತ್ತರಿ ಆಡಿದ ಮೇಲೆ ಮುಗಿಯಿತು. ಇಶ್ಬೆಲ್ ಕತ್ತರಿ ಎತ್ತುವಳು, ಇಡುವಳು. ಕೊನೆಗೆ, "ಬಟ್ಟೆ ಗಟ್ಟಿಯಾಗಿ ಹಿಡ್ಕೊಳೇ," ಎಂದಳು. ನಾನು ಹಿಡಿದೆ. ಕತ್ತರಿ ಒಳಗೆ ಹೋಯಿತು. ಮುಗಿದಾಗ ಅವಳು ಕತ್ತರಿಸಿದ ಚೂರುಗಳನ್ನೆಲ್ಲ ಬಾಚಿ ಬುಟ್ಟಿಗೆ ಹಾಕಿದಳು.

ಮದುವೆಯ ದಿನ ನಾನು ಚರ್ಚಿನಲ್ಲಿ ಅವಳ ಪಕ್ಕದಲ್ಲೇ ಕೂತೆ. ಹೆಕ್ಟರ್ ಪಾದ್ರಿಯ ಮುಂದೆ ಹೋಗಿ ನಿಂತಾಗ ಇಶ್ಬೆಲ್ ಕಣ್ಣು ಮುಚ್ಚಿ, ನನ್ನ ಮಣಿಕಟ್ಟನ್ನು ಉಗುರು ಊರುವಂತೆ ಹಿಡಿದುಕೊಂಡಳು. ಎಲ್ಲಿ ಎದ್ದು ಓಡುವಳೋ, ಎಲ್ಲಿ ಕೂಗಿಕೊಳ್ಳುವಳೋ ಎಂದು ನಾನು ಅವಳನ್ನೇ ನೋಡುತ್ತಿದ್ದೆ. ಕೀರ್ತನೆ ಮುಗಿಯಿತು. ಅವಳು ಕಣ್ಣು ಬಿಟ್ಟು ನೋಡಿದಳು. ನೋಡುತ್ತ ನೋಡುತ್ತ ಹುಬ್ಬು ಗಂಟಿಕ್ಕಿತು.

"ಡೋಲಿನಾ, ಬಲಗಡೆ ಕೊನೇದರ ಪಕ್ಕದ್ದು ನೋಡು. ಗೆರೆ ಒಂದೆಳೆ ಸರಿದಿದೆ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ನನಗೇನೂ ಕಾಣಲಿಲ್ಲ. ಸುಮ್ಮನಿರೆಂದು ಮೊಣಕೈಯಿಂದ ತಿವಿದೆ. ಮಗ ಉಂಗುರ ತೊಡಿಸುವಾಗಲೂ ಅವಳ ಕಣ್ಣು ಆ ನೆರಿಗೆಯ ಮೇಲೇ. ನನ್ನ ಮಣಿಕಟ್ಟನ್ನು ಯಾವಾಗ ಬಿಟ್ಟಳೋ ಅವಳಿಗೂ ತಿಳಿಯಲಿಲ್ಲ.

ಊಟದ ಹೊತ್ತಿಗೆ ಹೆಕ್ಟರನನ್ನು ಮೂಲೆಗೆ ಕರೆದು, ನಾಳೆಯೇ ಕಿಲ್ಟ್ ಬಿಚ್ಚಿ ಕೊಡು, ಒಂದೆಳೆ ತಾನೇ, ಕತ್ತರಿ ಆಡಿದ್ದರೂ ಸರಿಮಾಡುತ್ತೇನೆ ಎಂದಳು. ಅವನು ಕೊಡಲಿಲ್ಲ. ಆಮೇಲೆಯೂ ಎಷ್ಟೋ ಸಲ ಕೇಳಿದಳು, ಅವನು ನಗುತ್ತಿದ್ದನೇ ಹೊರತು ಕೊಡಲಿಲ್ಲ.

ಇಶ್ಬೆಲಳ ಭಯ ಪೂರ್ತಿ ಬಿಟ್ಟಿತೆಂದು ನಾನು ಹೇಳಲಾರೆ. ಹೆಕ್ಟರ್ ಮನೆಗೆ ಬಂದು ಹೊರಡುವಾಗ ಅವಳು ಬಾಗಿಲಿಗೆ ಬರುತ್ತಿರಲಿಲ್ಲ, ಒಳಗೇ ಪಾತ್ರೆ ತೊಳೆಯುತ್ತ ನಿಲ್ಲುತ್ತಿದ್ದಳು. ಆದರೆ ಆ ಚಳಿಗಾಲದಲ್ಲಿ ಯಾರೋ ಹಳೆಯ ಸಿಪಾಯಿ ಗೆರೆ ನೆರಿಗೆಯ ಕಿಲ್ಟ್ ಬೇಕೆಂದು ಬಂದ. ನಾನು ಎಂದಿನಂತೆ ಕೈ ಚಾಚಿದೆ. ಇಶ್ಬೆಲ್ ಬಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಯಾವ ಗೆರೆಗೆ ಎಂದು ಅವನನ್ನು ಕೇಳಿದಳು.