ಗುರುಪುತ್ರಪ್ಪನ ಉದ್ದನೆಯ ಬದನೆ ಸಸಿಗಳು

ಅರಿವೆಯ ಲೆಕ್ಕದಲ್ಲಿ ಹೇಳುವುದಾದರೆ ಗುರುಪುತ್ರಪ್ಪ ದಪ್ಪ ನೂಲಿನ ಮಾಲು. ಮೆರುಗಿಲ್ಲ, ಅಂಚು ಸಾದಾ. ಆದರೆ ತೊಳೆದರೆ ಬಣ್ಣ ಬಿಡುವುದಿಲ್ಲ, ಎಳೆದರೆ ಜೋಲುವುದಿಲ್ಲ. ಬೆಳಗಾವಿಯ ಶಹಾಪುರದ ನಮ್ಮ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಗಜ ಹಿಡಿದು ಅರಿವೆ ಅಳೆದವನು. ದೋಷ ಒಂದಿತ್ತು: ಗಿರಾಕಿಯ ಕಡೆಗೆ ಹೆಬ್ಬೆರಳಷ್ಟು ಹೆಚ್ಚಿಗೆ ಬಿಟ್ಟು ಹರಿಯುತ್ತಿದ್ದ. ಅದು ಅಂಗಡಿಗೆ ನಷ್ಟ. ಆ ಗಿರಾಕಿ ಮುಂದಿನ ಹಬ್ಬಕ್ಕೆ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಬರುತ್ತಿದ್ದದ್ದರಿಂದ ಯಾರೂ ಬಾಯಿ ಬಿಡಲಿಲ್ಲ.

ಐವತ್ತು ದಾಟುವವರೆಗೆ ಅವನ ಕೈಗೆ ಮಣ್ಣು ಹತ್ತಿದ್ದು ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರನ ಮನೆಯಿಂದ ಪೂಜೆಯ ಮಣ್ಣಿನ ಎತ್ತು ತರುವಾಗ ಮಾತ್ರ. ಅಂಥವನು ೧೯೭೮ರ ಶ್ರಾವಣದಲ್ಲಿ ಖಾನಾಪುರದ ಅಕ್ಕ ಶಿವಲಿಂಗವ್ವನ ಮನೆಗೆ ಹೋಗಿ ಬರುವಾಗ ಅರಿವೆಯ ಚೂರಿನಲ್ಲಿ ಕಟ್ಟಿದ ಒಂದು ಚಿಟಿಕೆ ಬೀಜ ತಂದ. ತೀರಿಹೋದ ತಾಯಿ ತನ್ನ ತವರಿನಿಂದ ತಂದು, ವರ್ಷಾ ವರ್ಷಾ ಉಳಿಸಿಕೊಂಡು ಬಂದಿದ್ದ ಬಿಳಿಗೆರೆಯ ಬದನೆ ಅದು. ಖಾನಾಪುರದ ಮಳೆ ಎರಡು ವರ್ಷ ಅಕ್ಕನ ಸಸಿಮಡಿಯನ್ನು ಕೊಳೆಸಿ ಹಾಕಿತ್ತು. ಉಳಿದದ್ದು ಅಷ್ಟೇ ಬೀಜ.

“ಈ ಸಲ ನಾ ಮನಿಯೊಳಗ ಅಗಿ ಎಬ್ಬಿಸಿ ಕೊಡ್ತೇನಕ್ಕಾ. ನಮ್ಮ ಮನಿ ಸೋರೂದಿಲ್ಲ,” ಎಂದಿದ್ದ. ಅಗಿ ಎಂದರೆ ಕಿತ್ತು ನೆಡುವ ಎಳೆ ಸಸಿ.

“ನೀನು?” ಅಕ್ಕ ನಕ್ಕಿದ್ದಳು. “ತಮ್ಮಾ, ಒಂದು ಹೋದ್ರ ಇನ್ನೊಂದು ಥಾನ ಬಿಚ್ಚಾಕ ಇದೇನ ಸೀರಿ ಅಲ್ಲೋ. ಇದು ಹೋತಂದ್ರ ಅವ್ವನ ಬದ್ನಿಕಾಯಿ ಹೋತು.”

ನಕ್ಕರೂ ಗಂಟನ್ನು ಅವನ ಕೈಗೇ ಇಟ್ಟಳು. ಬೇರೆ ದಾರಿ ಇರಲಿಲ್ಲ.

ಗುರುಪುತ್ರಪ್ಪ ಎಣ್ಣೆಯ ಡಬ್ಬಿಯನ್ನು ಉದ್ದಕ್ಕೆ ಸೀಳಿಸಿ ಎರಡು ತಟ್ಟೆ ಮಾಡಿಸಿದ. ಗೊಬ್ಬರ ಮಣ್ಣು ತುಂಬಿ, ಬೀಜ ಉದುರಿಸಿ, ನಡುಮನೆಯಲ್ಲಿಟ್ಟ. ಮಳೆ ತಾಗಬಾರದು, ಇಲಿ ಮುಟ್ಟಬಾರದು, ಕೆಟ್ಟ ಕಣ್ಣು ಬೀಳಬಾರದು ಎಂದು ಎಲ್ಲ ಯೋಚಿಸಿದ್ದ. ಬಿಸಿಲು ಬೇಕೆಂಬುದೊಂದು ಬಿಟ್ಟುಹೋಗಿತ್ತು. ನಡುಮನೆಗೆ ಇದ್ದದ್ದು ಹೆಂಚಿನ ನಡುವೆ ಕೂಡಿಸಿದ ಅಂಗೈ ಅಗಲದ ಗಾಜು.

ನಲವತ್ತಮೂರು ಮೊಳಕೆ ಎದ್ದವು. ಅವನು ಅಂಗಡಿಯ ಟೇಪನ್ನು ಮನೆಗೆ ಒಯ್ದು ದಿನಾ ಅಳೆಯತೊಡಗಿದ. ಕುಪ್ಪಸದ ಖಣ ಕೊಳ್ಳಲು ಬಂದ ಹೆಂಗಸರಿಗೂ ವರದಿ ಒಪ್ಪಿಸುತ್ತಿದ್ದ.

“ನಿನ್ನಿ ಎರಡಿಂಚ ಇದ್ದೂರಿ, ಇವತ್ತ ಮೂರಕ್ಕ ಬಂದಾವ.”

“ಛಲೋ ಆತ ಕಾಕಾ, ಮೊದಲ ಖಣ ಹರೀರಿ. ಬಸ್ ಹೊಂಟೈತಿ.”

ಮನೆಯಲ್ಲಿ ಹೆಂಡತಿ ಗಂಗಾದೇವಿಗೆ ಮಾತ್ರ ಸಂಶಯ. “ಕಾಲ ನೋಡ್ರಿ, ಶಾವಿಗಿ ಇದ್ದಂಗ ಅದಾವ.”

“ನೀ ಸುಮ್ನ ಕುಂದರ. ನಿಂದ ಕಣ್ಣ ತಾಗೀತು.”

ತಾಗಿದ್ದು ಕಣ್ಣಲ್ಲ. ಹುಬ್ಬಿ ಮಳೆ ಹಿಡಿದ ವಾರ, ಒಂದು ಮುಂಜಾನೆ ನೋಡಿದರೆ ಇಡೀ ಪೈರು ಒಂದೇ ಕಡೆಗೆ ತಲೆ ಮಾಡಿ ಮಲಗಿತ್ತು. ಕೆಲವು ಬುಡದಲ್ಲಿ ಕೊಳೆತು ನೂಲಿನೆಳೆಯಾಗಿದ್ದವು. ಗುರುಪುತ್ರಪ್ಪ ಊಟದ ತಟ್ಟೆಯಲ್ಲಿದ್ದ ರೊಟ್ಟಿ ಮುರಿಯದೆ ಎದ್ದ. ಅಕ್ಕನಿಗೆ ಏನು ಹೇಳುವುದು? ಬೀಜದ ಗಂಟಿನಲ್ಲಿ ಒಂದು ಕಾಳೂ ಉಳಿದಿರಲಿಲ್ಲ.

ಅವತ್ತು ಅಂಗಡಿಯಲ್ಲಿ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಎರಡು ಬೆರಳು ಕಡಿಮೆ ಹರಿದ. ಮಾಲಕ, ಎಂದರೆ ನಾನು, ಕಾರಣ ಕೇಳಿದೆ. ಕೇಳಿದ ಮೇಲೆ ಬುದ್ಧಿವಂತಿಕೆಯ ಮಾತನ್ನೂ ಆಡಿದೆ: “ಸಂತ್ಯಾಗ ಕಟ್ಟಗಟ್ಟಲೆ ಅಗಿ ಸಿಗ್ತಾವ. ಅವನ್ನ ಚೆಲ್ಲಿ ಬಿಡ್ರಿ.”

“ಸಂತ್ಯಾಗ ನಮ್ಮವ್ವನ ಬದ್ನಿಕಾಯಿ ಸಿಗೂದಿಲ್ರಿ, ಸಾವಕಾರ್ರ,” ಎಂದ.

ಅಂಗಡಿಯ ಮೆಟ್ಟಿಲ ಬಾಜು ಕಾಯಿಪಲ್ಯದ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದ ಭರಮವ್ವ ಇದನ್ನು ಕೇಳಿಸಿಕೊಂಡಳು. ತಾನೇ ಬೆಳೆದು ತಾನೇ ಮಾರುವ ಹೆಂಗಸು. ಮಧ್ಯಾಹ್ನ ಬುಟ್ಟಿ ಬರಿದಾದ ಮೇಲೆ ಗುರುಪುತ್ರಪ್ಪನ ಮನೆಗೆ ಹೋಗಿ, ಡಬ್ಬಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಮನಸಾರೆ ನಕ್ಕಳು.

“ಯಣ್ಣಾ, ಅರಿವಿ ಜಗ್ಗಿ ಅಳದವಗ ನೀ ಏನಂತಿ?”

“ಕಳ್ಳ ಅಂತೇನಿ.”

“ಮತ್ತ ಇವು ನಿನಗ ಅದನ್ನ ಮಾಡ್ಯಾವ ನೋಡು. ಬಿಸಲ ಹುಡುಕಿ ಹುಡುಕಿ ಕುತಿಗಿ ಜಗ್ಗಿಕೊಂಡಾವ. ಇದು ಬೆಳಿ ಅಲ್ಲೋ ಯಣ್ಣಾ, ಹಸಿವಿ.”

ಗಂಗಾದೇವಿ ಒಳಗಿನಿಂದ ಕೆಮ್ಮಿದಳು. ಗುರುಪುತ್ರಪ್ಪ ಟೇಪನ್ನು ಕಿಸೆಗೆ ಹಾಕಿಕೊಂಡ.

“ಉಳೀತಾವೇನ ಭರಮಕ್ಕ?”

“ಎಲ್ಲಾ ಉಳಿಯಾಂಗಿಲ್ಲ. ಕೊಳತದ್ದು ಕಿತ್ತೊಗಿ. ಉಳದದ್ದನ್ನ ಒಂದೊಂದ ಬಿಡಿಸಿ ಕುತಿಗಿ ಮಟ ಮಣ್ಣಾಗ ಇಳಸು. ನೀರ ಕಡಿಮಿ ಮಾಡು, ನಿನ್ನ ಪ್ರೀತೀನ ಅವನ್ನ ಕೊಳಸೇತಿ. ಬಿಸಲಿಗಿ ಇಡು, ಖರೆ ಒಮ್ಮಿಂದೊಮ್ಮೆ ಅಲ್ಲ. ಇವತ್ತ ಒಂದು ತಾಸ, ನಾಳಿ ಎರಡು. ದಿನಾ ಮ್ಯಾಲೆ ಅಂಗೈ ಆಡಸು. ಗಾಳಿ ಬಂತಂತ ತಿಳದು ಕಾಲ ಗಟ್ಟಿ ಮಾಡ್ಕೋತಾವ.”

ಹದಿನೇಳು ಉಳಿದವು. ಗಂಗಾದೇವಿ ಓಣಿಯೆಲ್ಲ ತಿರುಗಿ ತೆಂಗಿನ ಚಿಪ್ಪು ಕೂಡಿಸಿದಳು, ತಳಕ್ಕೆ ತೂತು ಹಾಕಿದಳು. ಅವರ ಓಣಿಗೆ ಬಿಸಿಲು ಬೀಳುತ್ತಿರಲಿಲ್ಲ. ಅಂಗಡಿಯ ಮೆಟ್ಟಿಲಿಗೆ ಮುಂಜಾನೆ ಬೀಳುತ್ತಿತ್ತು. ಹೀಗಾಗಿ ಹದಿನೇಳು ಚಿಪ್ಪುಗಳು ದಿನಾ ದೊಡ್ಡ ಹರಿವಾಣದಂಥ ಪರಾತದಲ್ಲಿ ಕುಳಿತು ಕೆಲಸಕ್ಕೆ ಬರತೊಡಗಿದವು. ಹನಿ ಬಿದ್ದರೆ ಸಾಕು, ಗುರುಪುತ್ರಪ್ಪ ಅರ್ಧ ಬಿಚ್ಚಿದ ಸೀರೆಯನ್ನು ಗಿರಾಕಿಯ ತೊಡೆಯ ಮೇಲೆ ಬಿಟ್ಟು ಹೊರಗೆ ಓಡುತ್ತಿದ್ದ.

“ಈ ಮಾಲ ಹ್ಯಾಂಗ ಕೊಟ್ರಿ ಕಾಕಾ?” ಎಂದು ಯಾರೋ ಕೆಣಕಿದರು.

“ಮಾರಾಕ ಅಲ್ರಿ. ಅಳಿಯಾಕೂ ಅಲ್ಲ,” ಎಂದ.

ಒಂದನ್ನು ಆಡು ತಿಂದಿತು, ಎರಡು ತಾವಾಗಿ ಬಾಡಿದವು. ಮೂರು ವಾರದಲ್ಲಿ ಉಳಿದ ಹದಿನಾಲ್ಕರ ಕಾಂಡ ನೇರಳೆ ಬಣ್ಣಕ್ಕೆ ತಿರುಗಿ ಪೆನ್ಸಿಲ್ಲಿನ ಅರ್ಧದಷ್ಟು ದಪ್ಪವಾಯಿತು. ಉತ್ತರಿ ಮಳೆ ಹಿಂದೆ ಸರಿದ ಮೇಲೆ ಅವನು ಪರಾತವನ್ನು ತೊಡೆಯ ಮೇಲಿಟ್ಟುಕೊಂಡು ಖಾನಾಪುರದ ಗಾಡಿ ಹತ್ತಿದ. ದಾರಿಯುದ್ದಕ್ಕೂ ಅಂಗೈ ಆಡಿಸುತ್ತ ಹೋದನಂತೆ. ಎದುರಿನವರು ಪೂಜಾರಿಯೋ ಏನೋ ಎಂದುಕೊಂಡು ಕೈ ಮುಗಿದರಂತೆ.

ಅಕ್ಕ ಬಾಗಿಲಲ್ಲೇ ನಿಂತು ನೋಡಿದಳು. “ಇಷ್ಟ ದಿನಾ ಆತು, ಇಷ್ಟ ಗಿಡ್ಡ ಅದಾವಲ್ಲೋ?”

“ಗಿಡ್ಡಽ ಇರಬೇಕಕ್ಕಾ! ಕಾಲ ಮುಟ್ಟಿ ನೋಡು.”

ಶಿವಲಿಂಗವ್ವ ಮುಟ್ಟಿದಳು. ಒಂದು ಚಿಪ್ಪನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿದಳು. “ಅಯ್ಯ ಶಿವನ, ನಮ್ಮ ಗುರಪುತ್ರ ರೈತ ಆದ್ನಲ್ಲ!” ಎಂದು ನೆರೆಮನೆಯವರನ್ನು ಕೂಗಿ ಕರೆದಳು.

ಹನ್ನೊಂದು ಬೇರು ಹಿಡಿದವು. ಸಂಕ್ರಾಂತಿಗೆ ಹೋದಾಗ ಗಿಡ ತುಂಬ ಬಿಳಿಗೆರೆಯ ಕಾಯಿ. ಎಲ್ಲಕ್ಕಿಂತ ತೋರವಾದುದಕ್ಕೆ ಗುರುಪುತ್ರಪ್ಪ ಕೈ ಹಾಕಿದ. ಅಕ್ಕ ಕೈ ಮೇಲೆ ಒಂದು ಹೊಡೆದಳು.

“ಅದು ಬೀಜಕ್ಕ ಬಿಟ್ಟದ್ದು. ಬಾಜೂಕಿಂದು ಹರಿ.”

ಬಾಜುವಿನವುಗಳ ಎಣಗಾಯಿ ಮಾಡಿದರು. ಸಜ್ಜೆಯ ರೊಟ್ಟಿಗೆ ಅವನು ಎಷ್ಟು ಬದನೆ ತಿಂದನೆಂಬುದನ್ನು ಗಂಗಾದೇವಿ ಈಗಲೂ ಊರಿಗೆ ಹೇಳುತ್ತಾಳೆ, ಪ್ರತಿ ಸಲ ಒಂದೊಂದು ಹೆಚ್ಚಿಸಿ. ಬೀಜದ ಕಾಯಿ ಹಣ್ಣಾಗಿ ಹಳದಿಗೆ ತಿರುಗಿದ ಮೇಲೆ ಅಕ್ಕ ಅದನ್ನು ಒಡೆದು, ತೊಳೆದು, ಬೂದಿಯಲ್ಲಿ ಹೊರಳಿಸಿ, ಮೂರು ಗಂಟು ಕಟ್ಟಿದಳು: ಒಂದು ತನಗೆ, ಒಂದು ತಮ್ಮನಿಗೆ, ಒಂದು ಭರಮವ್ವನಿಗೆ. ಇನ್ನು ಖಾನಾಪುರದಲ್ಲಿ ಎಷ್ಟೇ ಮಳೆಯಾಗಲಿ.

ಮರುವರ್ಷ ಗುರುಪುತ್ರಪ್ಪ ನಾಲ್ಕು ಗಿಡ್ಡ ಸಸಿ ತಂದು ನಮ್ಮ ಹಿತ್ತಲಲ್ಲಿ ತಾನೇ ನೆಟ್ಟುಹೋದ. ನಾನು ಚೆಲ್ಲಿರಿ ಎಂದದ್ದನ್ನು ಅವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ನಾನು ಅವನ ಕ್ಷಮೆ ಕೇಳುವುದು ಬಾಕಿ ಇದೆ.